ಗಾಲಿ ನಿಲ್ಲಿಸಿದ ನಾಟಕದ ಪಾಠ

ಸಂಕೇಶ್ವರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದಕ್ಕೆ ಸರಿಯುತ್ತಿತ್ತು. ಅದರ ಟ್ರೇಲರಿನ ಹಿಂದೆಯೇ ಒಬ್ಬ ಅಜ್ಜಿ ಬಗ್ಗಿ, ಉದುರಿದ ಕಬ್ಬು ಆಯುತ್ತಿದ್ದಳು. ನಾನು ಕಿರುಚಿದೆ. ಟ್ರ್ಯಾಕ್ಟರಿನಲ್ಲಿ ಹಾಕಿದ್ದ ಹಾಡಿನ ಅಬ್ಬರದಲ್ಲಿ ಚಾಲಕನಿಗೆ ಕೇಳಲೇ ಇಲ್ಲ. ಅಷ್ಟರಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಅವನ ಕಣ್ಣಿಗೆ ಬೀಳುವಂತೆ ಓಡಿ, ಒಂದು ಕೈ ಅಡ್ಡ ಚಾಚಿ, ಇನ್ನೊಂದರಿಂದ ಸೊಂಟ ಹಿಡಿದು ಥೇಟ್ ಆ ಅಜ್ಜಿಯಂತೆ ಬಗ್ಗಿ ತೋರಿಸಿದಳು. ಗಾಲಿ ಅಜ್ಜಿಯಿಂದ ಗೇಣು ದೂರದಲ್ಲಿ ನಿಂತಿತು.

“ಯಾಕಬೇ ಮುದುಕಿ, ಸಾಯಾಕ ನನ್ನ ಗಾಡೀನ ಬೇಕಿತ್ತೇನ?” ಎಂದು ಚಾಲಕ ಕೆಳಗಿಳಿದು ಬೈದ.

ಇದನ್ನೆಲ್ಲಿ ಕಲಿತೆ ಎಂದು ಹುಡುಗಿಯನ್ನು ಕೇಳಿದೆ. “ಸಾಲ್ಯಾಗ ನಾಟಕದ ಕ್ಲಾಸ್ ಇತ್ರಿ. ಮಾತು ಕೇಳಿಸದಿದ್ರ ಮೈಯಿಂದ ಹೇಳಬೇಕಂತ ಟೀಚರ್ ಕಲಿಸಿದ್ರು. ಈಗ ಆ ಕ್ಲಾಸ್ ತಗದಾರ್ರಿ, ಕುಣಿದ್ರ ಮಾರ್ಕ್ಸ್ ಬರ್ತಾವೇನು ಅಂತ.”

ಕಣ್ಣು ಮುಚ್ಚಿದರೆ ಆ ಗಾಲಿ ಈಗಲೂ ಉರುಳಿ ಬರುತ್ತದೆ. ಮಾರ್ಕ್ಸ್ ಕೇಳಿದವರು ಅವತ್ತು ಅಜ್ಜಿಯ ಪಕ್ಕದಲ್ಲಿ ಬಗ್ಗಿರಬೇಕಿತ್ತು.