ಐದನೆಯ ತರಗತಿಯಲ್ಲಿ ಉಳಿಸಿಕೊಂಡಿದ್ದ ಹುಡುಗಿ

ಶಿಕ್ಷಕರ ಪಾಠವನ್ನು ನೋಡಿ, ಆಮೇಲೆ ಅವರೊಂದಿಗೆ ಕುಳಿತು ಚರ್ಚಿಸುವುದು ನನ್ನ ಕೆಲಸ. ರಾಯಚೂರಿನಿಂದ ಬೆಳಗಿನ ಬಸ್ಸು ಹಿಡಿದು ಒಂದು ವಾರ ದೇವದುರ್ಗದ ಕಡೆಗೆ, ಮರುವಾರ ಮಾನ್ವಿಯ ಕಡೆಗೆ ಹೋಗುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ಎದುರಾಳಿಯ ಮಾತಿನೊಳಗೇ ಅವನ ಸೋಲನ್ನು ಹುಡುಕುವ ಅಭ್ಯಾಸವನ್ನು ಶಾಲೆಗಳಿಗೂ ಹೊತ್ತು ತಂದಿದ್ದೆ. ಮಕ್ಕಳನ್ನು ನಂಬಿ ಎಂದು ಶಿಕ್ಷಕರಿಗೆ ಹೇಳುವಾಗ ಅದು ನನಗೆ ಬಹಳ ನೆರವಾಗುತ್ತಿತ್ತು.

ಕವಿತಾಳದ ದಾರಿಯಲ್ಲಿರುವ ಒಂದು ಹಳ್ಳಿಯ ಶಾಲೆ ಐದನೆಯ ತರಗತಿಗೇ ಮುಗಿಯುತ್ತದೆ. ಒಂದು ಜುಲೈನಲ್ಲಿ ಅಲ್ಲಿ ಪಾಠ ನೋಡುತ್ತಿದ್ದೆ. ಗೋಡೆಗೆ ಒರಗಿ ಕುಳಿತ ಹುಡುಗಿಯೊಬ್ಬಳು ಪುಸ್ತಕವನ್ನೇ ತೆರೆದಿರಲಿಲ್ಲ. ಆದರೂ ಓದುವವರು ಎಲ್ಲಿ ತಡವರಿಸುತ್ತಿದ್ದರೋ ಅಲ್ಲಿಗೆ ಸರಿಯಾಗಿ ಮುಂದಿನ ಪದ ಅವಳ ತಗ್ಗಿದ ದನಿಯಲ್ಲಿ ಬರುತ್ತಿತ್ತು.

ವಿಚಾರಿಸಿದಾಗ ಮುಖ್ಯ ಶಿಕ್ಷಕಿ ಏನನ್ನೂ ಮುಚ್ಚಿಡಲಿಲ್ಲ.

"ಅಕಿ ಹ್ವಾದ ವರ್ಷನೇ ಪಾಸಾಗ್ಯಾಳ್ರೀ. ನಾನೇ ಟಿ.ಸಿ. ಕೊಟ್ಟಿಲ್ಲ."

"ಏಕೆ?"

"ಕೊಟ್ಟರ ಕವಿತಾಳದ ಸಾಲಿಗಿ ಹೋಗ್ತಾಳಂತ ಮಾಡೀರೇನು? ಒಬ್ಬಾಕಿನ್ನ ಅವರಪ್ಪ ಕಳಸಂಗಿಲ್ಲ. ನೆಟ್ಟಗ ಹತ್ತಿ ಹೊಲಕ್ಕ ಹೋಗ್ತಾಳ. ಈ ಸಲ ಐದನೇತ್ತದಾಗ ಅಕಿ ಓಣಿಯವ್ರೇ ಇಬ್ರು ಹುಡುಗ್ಯಾರದಾರ. ಮುಂದಿನ ವರ್ಷ ಮೂವರನೂ ಕೂಡಿ ಕಳಸ್ತೀನಿ. ಅಲ್ಲೀತನ ಇಲ್ಲೇ ಕುಂತಿರ್ಲಿ ಬಿಡ್ರಿ."

ನಾನು ಬಿಡಲಿಲ್ಲ. ಕಲಿತ ಮಗುವನ್ನು ಕಲಿತಲ್ಲೇ ಕೂರಿಸುವುದು ಅನ್ಯಾಯವೆಂದೆ. ನಿಯಮಕ್ಕೆ ವಿರುದ್ಧವೆಂದೆ. ಕೊನೆಗೆ, ಉಳಿದ ಶಿಕ್ಷಕರೆಲ್ಲ ಕೇಳುತ್ತಿರುವಾಗ, "ನಿಮ್ಮ ಅಂಜಿಕೆಯನ್ನು ಆ ಮಗುವಿನ ಮಿತಿಯನ್ನಾಗಿ ಮಾಡುತ್ತಿದ್ದೀರಿ" ಎಂದೆ. ಆಕೆ ಟಿ.ಸಿ. ಪುಸ್ತಕಕ್ಕೆ ಕೈ ಚಾಚಿದರು.

"ನಿಮ್ ಮಾತಿಗಿ ನಮ್ ಬಾಯಿ ಎಲ್ಲಿ ಸಾಲ್ತದ್ರೀ, ಸರ್. ತರ್ರಿ, ಬರದು ಕೊಡ್ತೀನಿ."

ಕುರಿ ಮೇಯಿಸಿ ಬಂದ ತಂದೆಯ ಕೈಗೆ ಆ ಕಾಗದವನ್ನು ನಾನೇ ಕೊಟ್ಟೆ. "ನೋಡೂಣಂತ್ರಿ" ಎಂದು ಅವನು ಅದನ್ನು ಮಡಚಿಕೊಂಡ. ಅದನ್ನು ಒಪ್ಪಿಗೆಯೆಂದು ತಿಳಿದೆ. ಮರಳುವ ಬಸ್ಸಿನಲ್ಲಿ ನನ್ನ ವಾಕ್ಯಗಳನ್ನು ನಾನೇ ಮತ್ತೆ ಹೇಳಿಕೊಂಡು ಸುಖಪಟ್ಟದ್ದು ನೆನಪಿದೆ.

ಹತ್ತಿ ಬಿಡಿಸುವ ಕಾಲಕ್ಕೆ ಕವಿತಾಳದ ಶಾಲೆಯಲ್ಲಿ ಅವಳನ್ನು ಕೇಳಿದೆ. ಅಂಥ ಹುಡುಗಿ ಸೇರಿಯೇ ಇಲ್ಲವೆಂದರು. ಅವಳ ಮನೆಗೆ ಹೋದೆ. ಮಡಚಿದ ಕಾಗದ ಮಡಚಿದಂತೆಯೇ ಗೋಡೆಯ ಗೂಡಿನಲ್ಲಿತ್ತು.

"ಬಸ್ ಫ್ರೀ ಅದ ಖರೆ, ಸರ್. ನಮ್ಮೂರಾಗ ನಿಂದರಬೇಕಲ್ರೀ?" ಎಂದ ತಂದೆ. "ಒಬ್ಬಾಕಿ ರಸ್ತಾದಾಗ ನಿಂತು ಏನ್ ಮಾಡ್ತಾಳ?"

ಹಳೆಯ ಶಾಲೆಯ ಹಾಜರಿಯಿಂದ ಅವಳ ಹೆಸರು ಹೋಗಿತ್ತು, ಹೊಸ ಶಾಲೆಯ ಹಾಜರಿಗೆ ಬಂದಿರಲಿಲ್ಲ. ಗೈರುಹಾಜರಿ ಎಂದು ಕೂಡ ಅವಳನ್ನು ಯಾರೂ ಬರೆಯುವಂತಿರಲಿಲ್ಲ. ಆ ಭಾಗದಲ್ಲಿ ಶಾಲೆ ಬಿಟ್ಟ ಮಕ್ಕಳ ಪಟ್ಟಿಯನ್ನು ಕಚೇರಿಗೆ ಕಳಿಸುವುದೂ ನನ್ನದೇ ಕೆಲಸ; ಯಾರೂ ಇಲ್ಲವೆಂದು ತಿಂಗಳು ತಿಂಗಳು ಸಹಿ ಮಾಡಿದವನು ನಾನೇ. ತಿಳಿದ ಮೇಲೂ, ತಂದೆಯನ್ನು ಒಪ್ಪಿಸಿಬಿಡುತ್ತೇನೆಂಬ ಹಟದಲ್ಲಿ, ಹಾಗೆಯೇ ಸಹಿ ಮಾಡುತ್ತ ಹೋದೆ.

ಮರುವರ್ಷ ಜೂನ್‌ನಲ್ಲಿ ಮುಖ್ಯ ಶಿಕ್ಷಕಿ ತಾವೇ ರಸ್ತೆಯಲ್ಲಿ ನಿಂತು ಬಸ್ಸು ತಡೆದು ಆ ಇಬ್ಬರು ಹುಡುಗಿಯರನ್ನು ಹತ್ತಿಸಿದರು. ಮೂರನೆಯವಳನ್ನು ಕರೆಯಲು ನಾನು ಓಡಿದೆ. ಅವಳು ಬುತ್ತಿ ಕಟ್ಟಿಕೊಳ್ಳುತ್ತಿದ್ದಳು. ಗುರುತು ಹಿಡಿದು ನಕ್ಕಳು.

"ಅವ್ರು ಸಣ್ಣವ್ರು, ಸರ್. ಅವರ ಕೂಡ ನಾ ಹ್ಯಾಂಗ ಕುಂದರ್ಲಿ? ಕೂಲಿಗಿ ಹೋಗಾಕತ್ತೀನಲ್ರೀ ಈಗ."

ಆ ಮಾತಿನಲ್ಲಿ ದೂರಿರಲಿಲ್ಲ, ಸಣ್ಣದೊಂದು ಹೆಮ್ಮೆಯಿತ್ತು. ಮುಖ್ಯ ಶಿಕ್ಷಕಿ ನನ್ನನ್ನು ಒಮ್ಮೆಯೂ ಹಂಗಿಸಲಿಲ್ಲ. ಹಂಗಿಸಿದ್ದರೆ ಉತ್ತರಿಸುವ ದಾರಿಯಾದರೂ ಇರುತ್ತಿತ್ತು.

ಇಂದಿಗೂ ಯಾವ ಶಾಲೆಯಲ್ಲಾದರೂ ಮಗುವೊಂದು ಓದುತ್ತ ತಡವರಿಸಿದರೆ, ಮುಂದಿನ ಪದ ಗೋಡೆಯ ಕಡೆಯಿಂದ ಕೇಳಿಸುತ್ತದೆ. ಅತ್ತ ತಿರುಗಿ ನೋಡುವುದಿಲ್ಲ. ಶಿಕ್ಷಕರು ಪಾಠ ಹೇಗಿತ್ತೆಂದು ಕೇಳಿದಾಗ ಉತ್ತರಿಸಲು ನನಗೆ ತಡವಾಗುತ್ತದೆ.

ಆ ಜೂನ್‌ನ ಪಟ್ಟಿಯಲ್ಲಿ ಅವಳ ಹೆಸರು ಬರೆದೆ. ಎರಡು ದಿನಗಳ ಮೇಲೆ ರಾಯಚೂರಿನ ಕಚೇರಿಯಿಂದ ಫೋನು ಬಂತು.

"ಹ್ವಾದ ತಿಂಗಳ ತನ ಯಾರೂ ಇಲ್ಲಂತ ಬರದೀರಿ. ಈ ಹುಡುಗಿ ಎಲ್ಲಿಂದ ಬಂದ್ಲ್ರೀ?"