ಬಿಡುವಿನ ಕೂಗು

ನೂಲಿನ ಗಿರಣಿಯ ಸೈರನ್ ಕೂಗಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದರಿಂದ ಜನ ಅವನನ್ನು ಕೂಗಪ್ಪ ಎನ್ನುತ್ತಿದ್ದರು. ಮನುಷ್ಯನಾದರೋ ಮೆಲುದನಿಯವನು, ಎದುರಿಗೆ ಕೂತವರಿಗೂ ಎರಡು ಸಲ ಹೇಳಬೇಕಾಗುತ್ತಿತ್ತು. ಎರಡು ಚಿಕ್ಕ ಕೂಗು ಎಂದರೆ ಒಳಗೆ ಬನ್ನಿ. ಒಂದು ಉದ್ದ ಕೂಗು ಎಂದರೆ ಕೆಲಸ ಬಿಟ್ಟಿತು, ಹೊರಡಿ. ಮೂರನೆಯ ಬಗೆಯ ಕೂಗು ಆ ಗಿರಣಿಗೆ ಯಾವತ್ತೂ ಬೇಕಾಗಿರಲಿಲ್ಲ.

ಅವನ ನಾದಿನಿಯೂ ಅಲ್ಲೇ ನೂಲುವ ವಿಭಾಗದಲ್ಲಿದ್ದಳು. ತಾಯಿ ಸತ್ತಾಗ ಅವಳಿಗೆ ಎಂಟು ವರ್ಷ. ಅಂದಿನಿಂದ ಅಕ್ಕ-ಭಾವನ ಮನೆಯಲ್ಲೇ ಬೆಳೆದವಳು. ಅಕ್ಕನಿಗೆ ಪುರುಸೊತ್ತಿಲ್ಲದ ದಿನ ಅವಳ ಜಡೆ ಹೆಣೆದು, ಸೊಟ್ಟಗಾಯಿತೆಂದು ಬೈಸಿಕೊಂಡವನು ಅವನೇ.

ಸುಂಟರಗಾಳಿ ಎಂದರೆ ಆ ಸೀಮೆಯವರಿಗೆ ಗೊತ್ತಿದ್ದದ್ದು ಒಣ ಎಲೆ, ಕಾಗದದ ಚೂರುಗಳನ್ನು ಕುಣಿಸಿಕೊಂಡು ಬಯಲು ದಾಟುವ ಪುಟ್ಟ ಸುಳಿ. ಆ ಮಧ್ಯಾಹ್ನ ಸೈರನ್ ಕೋಣೆಯ ಕಿಟಕಿಯಿಂದ ನೋಡಿದರೆ, ಹಸಿರುಗಪ್ಪು ಮೋಡದ ಹೊಟ್ಟೆಯಿಂದ ಒಂದು ಸೊಂಡಿಲು ನೆಲಕ್ಕಿಳಿದಿತ್ತು. ಇಟ್ಟಿಗೆ ಗೂಡುಗಳ ಆಚೆ ಅದು ಕರಗಿತು. ಹಿಂದೆಯೇ ಎರಡನೆಯದು ಇಳಿಯಿತು. ಆಮೇಲೆ ಮೂರನೆಯದು. ಇದು ಎಡಕ್ಕೂ ಸರಿಯಲಿಲ್ಲ, ಬಲಕ್ಕೂ ಸರಿಯಲಿಲ್ಲ; ನಿಂತಲ್ಲೇ ದಪ್ಪವಾಗುತ್ತಿತ್ತು. ನೇರ ಇತ್ತಲೇ ಬರುತ್ತಿದೆ ಎಂದು ಹೊಳೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಒಳಗಿದ್ದ ಇನ್ನೂರು ಜನಕ್ಕೆ ತಿಳಿಸಬೇಕು. ಯಂತ್ರಗಳ ಸದ್ದು ಮೀರಬಲ್ಲದ್ದು ಸೈರನ್ ಒಂದೇ. ಹಿಡಿಕೆ ಎಳೆದ. ಗಾಬರಿಯಲ್ಲಿ ಎಳೆದವನು ಬಿಡಲಿಲ್ಲ; ಕೂಗು ಒಂದೇ ಸಮನೆ ಉದ್ದಕ್ಕೆ ಹೋಯಿತು.

ಬಾಗಿಲುಗಳು ತೆರೆದವು. ಊಟದ ಡಬ್ಬಿ ಹಿಡಿದು, ನಗುತ್ತ, ಜನ ಅಂಗಳಕ್ಕೆ ಬಂದರು. ತಾನೇನು ಮಾಡಿದೆನೆಂದು ಅವನಿಗೆ ತಿಳಿದದ್ದು ಆಗ. ಮೆಟ್ಟಿಲಿಳಿದು ಓಡಿದ.

"ಒಳಗೆ ಹೋಗಿ! ಗಾಳಿ ಬರ್ತಿದೆ!"

"ಬರ್ಲಿ ಬಿಡು ಕೂಗಪ್ಪ, ಬೆವತು ಸಾಯ್ತಿದೀವಿ," ಎಂದ ಮೇಸ್ತ್ರಿ.

ಅಂಗಳದ ಸುತ್ತ ಎತ್ತರದ ಗೋಡೆ. ಅಲ್ಲಿಂದ ಆ ಕಡೆಯ ಆಕಾಶ ಕಾಣುತ್ತಿರಲಿಲ್ಲ. ನಾದಿನಿ ಆಗಲೇ ಸೈಕಲ್ ಹತ್ತಿದ್ದಳು.

"ಎರಡು ಗಂಟೆ ಮುಂಚೆ ಬಿಟ್ಟಿದೀರಲ್ಲ ಭಾವ! ಕೆಲಸ ಹೋದ್ರೆ ಹೆದರ್ಬೇಡಿ, ನಾನೇ ಸಾಕ್ತೀನಿ."

"ಪುಟ್ಟಿ, ತಮಾಷೆ ಅಲ್ಲ. ಇಳಿ, ಒಳಗೆ ಹೋಗು."

"ಏನು? ಸ್ವಲ್ಪ ಜೋರಾಗಿ ಹೇಳಿ!" ನಗುತ್ತಲೇ ಪೆಡಲ್ ತುಳಿದಳು.

ಹಿಡಿಯಲು ಕೈ ಚಾಚಿದ, ಸಿಗಲಿಲ್ಲ. ಅವಳ ಹಿಂದೆ ಓಡಬೇಕೋ, ಮೆಟ್ಟಿಲು ಹತ್ತಬೇಕೋ. ಗೇಟಿನವರೆಗೆ ನಾಲ್ಕು ಹೆಜ್ಜೆ ಹಾಕಿದವನು ತಿರುಗಿದ. ಮೇಲೆ ಹೋಗಿ ಎರಡು ಚಿಕ್ಕ ಕೂಗು ಕೂಗಿಸಿದ.

ಅಂಗಳದಲ್ಲಿದ್ದವರು ಶಪಿಸುತ್ತ ಒಳಗೆ ತಿರುಗಿದರು. ತಲೆ ಒಪ್ಪದಿದ್ದರೂ ಕಾಲಿಗೆ ಆ ಕೂಗು ಅಭ್ಯಾಸವಾಗಿತ್ತು. ರಸ್ತೆ ಸೇರಿದ್ದವರಲ್ಲಿ ಯಾರೂ ತಿರುಗಲಿಲ್ಲ.

ಗಾಳಿ ಗಿರಣಿಯ ಮೇಲಿದ್ದದ್ದು ಒಂದು ನಿಮಿಷವೂ ಇಲ್ಲ. ಮಾಡು ಹಾರಿಹೋಯಿತು, ಯಂತ್ರಗಳ ಸಾಲಿನ ಕೆಳಗೆ ನುಸುಳಿದವರು ಉಳಿದರು. ರಸ್ತೆಯಲ್ಲಿ ಹನ್ನೊಂದು ಜನ ಸತ್ತರು. ಅವರಲ್ಲೊಬ್ಬಳಾದ ನಾದಿನಿ ಚರಂಡಿಯಲ್ಲಿ ಸಿಕ್ಕಳು. ಸೈಕಲ್ ಸಿಗಲೇ ಇಲ್ಲ.

ಹೆಂಡತಿ ಮೂರು ದಿನ ಅವನ ಮುಖ ನೋಡಲಿಲ್ಲ. ನಾಲ್ಕನೆಯ ದಿನ ವಿಚಾರಣೆಯ ಅಧಿಕಾರಿ ಮನೆಗೇ ಬಂದು, ತಾನು ಬರೆದುಕೊಂಡದ್ದನ್ನು ಓದಿದ: ಸಮಯಕ್ಕೆ ಸರಿಯಾಗಿ ಎಚ್ಚರಿಕೆಯ ಸೈರನ್ ಕೊಟ್ಟು ಇವರು ನೂರಾರು ಜೀವ ಉಳಿಸಿದ್ದಾರೆ.

"ಅದು ಎಚ್ಚರಿಕೆ ಅಲ್ಲ ಸ್ವಾಮಿ. ಬಿಡುವಿನ ಕೂಗು. ಅವರನ್ನ ಹೊರಗೆ ಕರೆದದ್ದು ನಾನೇ."

"ನಿಮ್ಮ ಉದ್ದೇಶ ಅದಲ್ಲವಲ್ಲ?"

"ಉದ್ದೇಶ ಯಾರಿಗೆ ಕೇಳಿಸುತ್ತೆ?"

"ಆಮೇಲೆ ಒಳಗೆ ಕಳಿಸಿದವರೂ ನೀವೇ ತಾನೇ?"

"ಅದನ್ನೂ ಬರೀರಿ. ಮೊದಲು ಮಾಡಿದ್ದನ್ನ ಮೊದಲು ಬರೀರಿ."

"ಹೀಗೆ ಬರೆದ್ರೆ ನಿಮಗೇ ಕುತ್ತು, ನೋಡಿ."

"ಬರೀರಿ."

ಅಧಿಕಾರಿ ಹೊಸ ಹಾಳೆ ತೆಗೆದು ಬರೆದ, ಓದಿ ಹೇಳಿದ, ಸಹಿಗೆಂದು ಮುಂದಿಟ್ಟ. ಕೂಗಪ್ಪ ಪೆನ್ನು ಊರಿದಾಗ ಹಾಳೆ ಮೇಜಿನ ಮೇಲೆ ಜಾರಾಡಿತು. ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಬಂದಳು. ಹಾಳೆಯ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದು, ಅವನು ಸಹಿ ಮುಗಿಸುವ ತನಕ ಹಾಗೇ ನಿಂತಳು.