ಬರ್ಫದ ಡಬ್ಬಿ ಹೊತ್ತ ಸುಹಾಸಿನಿ

ಖಾನಾಪುರ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಬೆಳಗಾವಿಯ ಮೊದಲ ಬಸ್ಸಿನಿಂದ ಇಳಿಯುವ ಸುಹಾಸಿನಿ ಅವರ ಹೆಗಲಲ್ಲಿ ಬರ್ಫದ, ಅಂದರೆ ಮಂಜುಗಡ್ಡೆಯ, ನೀಲಿ ಡಬ್ಬಿ. "ಮೀನೇನ್ರಿ ಅಕ್ಕಾರ?" ಎಂದು ಕಂಡಕ್ಟರ್ ದಿನವೂ ಕಾಡುತ್ತಾರೆ. "ಬಸದಿಗೆ ಹೋಗಾಕಿ ನಾ, ಮೀನ ಎಲ್ಲಿಂದ ತರ್ಲಿ?" ಎಂದು ಇವರು ನಗುತ್ತಾರೆ.

ಡಬ್ಬಿ ಇರುವುದು ಇಲ್ಲಿನ ಕ್ಲಿನಿಕ್ಕಿಗೆ ಬರುವ, ಮಕ್ಕಳಾಗದ ಗಂಡಸರ ರಕ್ತ ಒಯ್ಯಲು. ಸುಹಾಸಿನಿ ಬೆಳಗಾವಿಯ ಪ್ರಯೋಗಾಲಯವೊಂದರ ತಂತ್ರಜ್ಞೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ ವೀರ್ಯಾಣುಗಳೂ ಮೈಯೊಳಗೇ ಕೆಡುವುದುಂಟು. ಅದನ್ನು ತಡೆಯುವ ಆ್ಯಂಟಿಆಕ್ಸಿಡೆಂಟ್ ಕಿಣ್ವಗಳ ವಂಶವಾಹಿ ಕೆಲವರಲ್ಲಿ ಹುಟ್ಟಿನಿಂದಲೇ ತುಸು ಬೇರೆ. ಬಂಜೆತನಕ್ಕೂ ಇದಕ್ಕೂ ನಂಟಿದೆಯೇ ಎಂಬುದು ಅಲ್ಲಿನ ಹುಡುಕಾಟ.

ಪೇಟೆ ಎದ್ದ ಮೇಲೆ ಒಬ್ಬ ಗಂಡಸೂ ಈ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದಿಲ್ಲ. ಹೆಂಡತಿಯನ್ನು ಒಳಗೆ ಕಳಿಸಿ, ಎದುರಿನ ಚಹಾದಂಗಡಿಯಲ್ಲಿ ಬೆನ್ನು ತಿರುಗಿಸಿ ಕೂರುವ ಶೂರರೇ ಹೆಚ್ಚು. "ಸೂಜಿಗೆ ಅಂಜೂದಿಲ್ರಿ ಅವ್ರು. ಬಾಜೂ ಮನಿಯವ್ರು ನೋಡ್ತಾರಂತ ಅಂಜ್ತಾರ" ಎನ್ನುತ್ತಾರೆ ಸುಹಾಸಿನಿ. ಅದಕ್ಕೇ ಈ ನಸುಕಿನ ಓಡಾಟ.

ಹಲಸಿ ಕಡೆಯ ಸಾನಿಕಾ (ಹೆಸರು ಬದಲಿಸಿದೆ) ಎಂಬ ಸೊಸೆಯ ನೆನಪು ಬಂದರೆ ಅವರ ದನಿ ಇಳಿಯುತ್ತದೆ. ಎಷ್ಟೋ ಗೋಗರೆದ ಮೇಲೆ ಆಕೆಯ ಗಂಡ ಬಂದು ರಕ್ತ ಕೊಟ್ಟಿದ್ದ. ಪರೀಕ್ಷೆಗೆ ಬೇಕಾಗಿದ್ದ ವೀರ್ಯವನ್ನು ಮಾತ್ರ ಮನೆಯಿಂದಲೇ ಕಳಿಸುತ್ತೇನೆಂದ. ಮರುದಿನ ಸಾನಿಕಾ ಊಟದ ಡಬ್ಬಿಯ ತುಂಬ ಬರ್ಫ ಹಾಕಿ, ನಡುವೆ ಶೀಶೆ ಇಟ್ಟುಕೊಂಡು ಬಂದಳು. ಹಿಂದಿನ ದಿನ ರಕ್ತವನ್ನು ಸುಹಾಸಿನಿ ಹಾಗೆಯೇ ಇಟ್ಟಿದ್ದನ್ನು ಕಂಡಿದ್ದಳು.

ರಕ್ತಕ್ಕೆ ತಂಪು ಬೇಕು, ವೀರ್ಯಕ್ಕೆ ಮೈಯ ಬಿಸುಪು ಬೇಕು. ಸೂಕ್ಷ್ಮದರ್ಶಕದಡಿ ಒಂದು ವೀರ್ಯಾಣುವೂ ಅಲುಗಲಿಲ್ಲ. "ಆಕಿ ಎಷ್ಟು ಜ್ವಾಕಿಲೆ ತಂದಿದ್ಲ್ರಿ. ನಾನ ಮೊದ್ಲ ಹೇಳಬೇಕಾಗಿತ್ತು, ಹೇಳಲಿಲ್ಲ."

ಗಂಡ ಎರಡನೇ ಸಲ ಒಪ್ಪಲಿಲ್ಲ. ಇವಳೇ ಕೆಡಿಸಿದಳು ಎಂಬ ಮಾತು ಆ ಮನೆಯಲ್ಲಿ ಬೇರೂರಿತು. ಸಾನಿಕಾ ಈಗ ತವರಿನಲ್ಲಿದ್ದಾಳೆ, ಅತ್ತ ಅವನಿಗೆ ಮತ್ತೊಂದು ಹೆಣ್ಣು ನೋಡುತ್ತಿದ್ದಾರೆ.

ಆ ಮನೆಗೆ ಹೋಗಿ ನಿಜ ಹೇಳೋಣವೆಂದರೆ, ಒಬ್ಬರ ಪರೀಕ್ಷೆಯ ಮಾತನ್ನು ಅವರ ಮನೆಯವರ ಮುಂದೂ ಎತ್ತುವಂತಿಲ್ಲ. ಈಗ ಸುಹಾಸಿನಿ ಬಂದವರಿಗೆಲ್ಲ ಕನ್ನಡದಲ್ಲೂ ಮರಾಠಿಯಲ್ಲೂ ತಿಳಿಸಿ ಹೇಳುತ್ತಾರೆ: "ಅಂಗಿ ಒಳಗ, ಹೊಟ್ಟಿಗೆ ಹತ್ತಿಸಿ ಇಟಗೊಂಡು ಲಗೂನ ತರ್ರಿ."

ಏನಾದರೂ ಆಸೆ ಇದೆಯೇ ಎಂದರೆ ಎದುರಿನ ಖಾಲಿ ಕುರ್ಚಿಯತ್ತ ನೋಡುತ್ತಾರೆ.

"ಆಕಿ ಗಂಡ ಒಮ್ಮೆ ತಾನಾಗಿ ಬಂದು ಇಲ್ಲಿ ಕುಂದರಬೇಕ್ರಿ. ಬರ್ಫ ಹಾಕಿದಾಕಿ ಆಕಿ ಖರೇ, ಆಕಿಗೆ ಅದನ್ನ ತೋರಿಸಿಕೊಟ್ಟಾಕಿ ನಾನು ಅಂತ ನಾ ಅವಂಗ ಹೇಳಬೇಕು."